ಇನ್ನೊಬ್ಬರ ಹೆಸರಿನ ಮಾರುತಿ

ಇನ್ಸಾಫ್ ಕಾರು ಓಡಿಸುವುದನ್ನು ಕಲಿತದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳ ಹೆಸರಿನಲ್ಲಿ ಏನೇನಿತ್ತು ಎಂದು ಯಾರಾದರೂ ಕೇಳಿದ್ದರೆ ಉತ್ತರ ಸುಲಭವಿತ್ತು: ಏನೂ ಇರಲಿಲ್ಲ. ಹನ್ನೊಂದು ವರ್ಷ ಬಾಳಿದ ಮನೆ ಗಂಡನ ಹೆಸರಿನಲ್ಲಿತ್ತು. ತಲಾಕ್ ಆದ ಮೇಲೆ ಬಂದು ಸೇರಿಕೊಂಡ ಮನೆ ತಮ್ಮನ ಹೆಸರಿನಲ್ಲಿತ್ತು. ಆ ಮನೆಯ ಕರೆಂಟ್ ಮೀಟರು ಎಂದೋ ತೀರಿಹೋದ ಅಪ್ಪನ ಹೆಸರಿನಲ್ಲಿತ್ತು. ಕೈಯಲ್ಲಿದ್ದ ಮೊಬೈಲಿನ ಸಿಮ್ಮು ಕೂಡ ತಮ್ಮ ತನ್ನ ಗುರುತಿನ ಚೀಟಿ ಕೊಟ್ಟು ತಂದದ್ದು. ತಮ್ಮನ ಹೆಂಡತಿ ಜಗಳ ಆಡಿದಾಗಲೆಲ್ಲ ಇದು ಯಾರ ಮನೆ ಎಂದು ನೆನಪಿಸುತ್ತಿದ್ದಳು. ನೆನಪಿಸುವ ಅಗತ್ಯವೇನೂ ಇರಲಿಲ್ಲ.

ನಾನು ಬಹೀಗಾ, ಅದೇ ಕಟ್ಟಡದಲ್ಲಿ ಅವರಿಗಿಂತ ಎರಡು ಮಹಡಿ ಮೇಲಿನವಳು. ಈಜಿಪ್ಟಿನ ನಮ್ಮ ಮನ್ಸೂರಾ ಊರಿನಿಂದ ಇಪ್ಪತ್ತೆರಡು ಕಿಲೋಮೀಟರು ಆಚೆಯ ಹಳ್ಳಿಯ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ, ಹಾಗಾಗಿ ಎಲ್ಲರಿಗೂ ಅಬ್ಲಾ, ಅಂದರೆ ಟೀಚರಕ್ಕ. ನಾವು ನಾಲ್ಕು ಜನ ಟೀಚರುಗಳು ದಿನಾ ಬೆಳಿಗ್ಗೆ ಮೈಕ್ರೋಬಸ್ಸಿನಲ್ಲಿ ಹೋಗುವಷ್ಟರಲ್ಲಿ ಹೈರಾಣಾಗುತ್ತಿದ್ದೆವು. ಯೂನಿಫಾರಂ ಹೊಲಿದು ಕಣ್ಣು ಕಳೆದುಕೊಳ್ಳುವ ಬದಲು ಒಂದು ಸಣ್ಣ ಹಳೇ ಕಾರು ಕೊಂಡು ನಮ್ಮನ್ನು ಶಾಲೆಗೆ ಬಿಟ್ಟು ಕರೆದುಕೊಂಡು ಬಾರೇ ಎಂದು ಅವಳ ತಲೆಗೆ ಹುಳ ಬಿಟ್ಟವಳು ನಾನೇ. ಅವಳು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಬಂದು, ಮದುವೆಯಲ್ಲಿ ಹಾಕಿದ್ದ ಬಳೆಗಳನ್ನು ಮಾರಿದೆ ಎಂದಳು. ಅವಳು ಹಾಗೆಯೇ. ಯೋಚನೆ ಮಾಡುವುದು ಕಾಣಿಸುವುದಿಲ್ಲ, ಮಾಡಿ ಮುಗಿಸಿದ ಮೇಲೆ ಹೇಳುತ್ತಾಳೆ.

ಕಾರು ಸಿಕ್ಕಿದ್ದು ಎಲ್ಲರೂ ಗೌರವದಿಂದ ಉಸ್ತಾಜ್ ಎನ್ನುತ್ತಿದ್ದ ಜರೀಫ್ ಅವರ ಹತ್ತಿರ. ನೀರಾವರಿ ಇಲಾಖೆಯಲ್ಲಿ ನಕ್ಷೆ ಬರೆದು ನಿವೃತ್ತರಾದ ಎಪ್ಪತ್ತೆಂಟರ ಕಾಪ್ಟಿಕ್ ಕ್ರೈಸ್ತ ಮುದುಕರು. ಮಕ್ಕಳಿರಲಿಲ್ಲ, ಹೆಂಡತಿ ಮಾರ್ಸೆಲ್ ತೀರಿಕೊಂಡು ಒಂದು ವರ್ಷವಾಗಿತ್ತು. ಬಿಳಿ ಮಾರುತಿ. ಹೊಸದಾಗಿ ಕೊಂಡವರೂ ಅವರೇ, ಇಪ್ಪತ್ತು ವರ್ಷ ಓಡಿಸಿದವರೂ ಅವರೇ. ನಮ್ಮ ಮೆಕ್ಯಾನಿಕ್ಕು ಆಯಸ್ಕಾಂತ ಹಿಡಿದು, ಎಲ್ಲೆಲ್ಲಿ ಆಮೇಲೆ ಬಣ್ಣ ಬಳಿದಿದ್ದಾರೆ ಎಂದು ಹುಡುಕಲು ಬಗ್ಗಿದ. ಅಷ್ಟರಲ್ಲೇ ಮುದುಕರು, ಹುಡುಕಬೇಡಪ್ಪ ನಾನೇ ಹೇಳುತ್ತೇನೆ ಎಂದು ಪಾದ್ರಿಯ ಮುಂದೆ ಪಾಪ ಒಪ್ಪಿಕೊಳ್ಳುವವರಂತೆ ಒಂದೊಂದೇ ತಗ್ಗನ್ನೂ ತೋರಿಸಿದರು. ಎಡಗಡೆಯ ಬಾಗಿಲನ್ನು ಮಾರ್ಸೆಲ್ ಚರ್ಚಿನ ಗೇಟಿಗೆ ತಾಗಿಸಿದ್ದಳು ಎನ್ನುತ್ತ ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು ಕಣ್ಣು ಒರೆಸಿಕೊಂಡರು.

ಎಡವಟ್ಟು ಶುರುವಾದದ್ದು ಅಲ್ಲಿ. ಇನ್ಸಾಫ್ ಹಣವನ್ನು ಪೂರ್ತಿ ಕೊಟ್ಟಳು. ಇನ್ನು ನೋಂದಣಿ ಕಚೇರಿಗೆ ಹೋಗಿ ಮಾರಾಟ ಬರೆಸಿ, ಕಾರಿನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುವುದಷ್ಟೇ ಬಾಕಿ. ಆಗ ಮುದುಕರು, ಲೈಸೆನ್ಸಿನ ಅವಧಿ ಮುಗಿಯಲು ಇನ್ನೂ ಎರಡೂವರೆ ವರ್ಷ ಇದೆ, ಅಲ್ಲಿಯವರೆಗೆ ನನ್ನ ಹೆಸರು ಅದರ ಮೇಲೆ ಇರಲಿ, ಆಮೇಲೆ ಇಬ್ಬರೂ ಒಟ್ಟಿಗೆ ಹೋಗಿ ಬರೆಸೋಣ ಎಂದರು. ಸದ್ಯಕ್ಕೆ ಓಡಿಸಲು, ಪೊಲೀಸರಿಗೆ ತೋರಿಸಲು ಒಂದು ಅಧಿಕಾರ ಪತ್ರ ಬರೆದುಕೊಟ್ಟರು. ನಮ್ಮ ಊರಿನ ಅರ್ಧ ಕಾರುಗಳು ಓಡುವುದೇ ಹೀಗೆ ಇನ್ನೊಬ್ಬರ ಹೆಸರಿನಲ್ಲಿ. ಆದರೆ ಆ ಪತ್ರಕ್ಕೆ ಜೀವವಿರುವುದು ಬರೆದುಕೊಟ್ಟವರು ಉಸಿರಾಡುವವರೆಗೆ ಮಾತ್ರ. ಅವರು ಕಣ್ಣು ಮುಚ್ಚಿದ ದಿನ ಅದು ರದ್ದಿ ಕಾಗದ, ಕಾರು ಅವರ ವಾರಸುದಾರರದು. ಜರೀಫ್ ಅವರಿಗೆ ಕೈರೋದಲ್ಲಿ ತಮ್ಮನ ಮಕ್ಕಳು ಐದು ಜನ ಇದ್ದರು.

ನಾನು ಬಾಯಿಗೆ ಬಂದಂತೆ ಬೈದೆ. ಹೆಸರಿಗಾಗಿಯೇ ಅಲ್ಲವೇ ಬಳೆ ಮಾರಿದ್ದು, ಆ ಹೆಸರನ್ನೇ ಬಿಟ್ಟು ಬಂದೆಯಲ್ಲ ಎಂದೆ.

"ಅಳ್ತಾ ಕೂತಿರೋ ಮನುಷ್ಯನ ಮುಂದೆ ಈಗ್ಲೇ ಬರ್ಕೊಡಿ ಅಂತ ಹೆಂಗೆ ಕೇಳ್ಲಿ ಅಬ್ಲಾ? ನಿಮಗೆ ಬಾಯಿ ಬರ್ತಿತ್ತಾ?" ಎಂದಳು.

ನನಗೆ ಬರುತ್ತಿತ್ತು. ಆದರೆ ಅವಳಿಗೆ ಬರಲಿಲ್ಲ ಎಂಬ ಕಾರಣಕ್ಕೇ ನನಗೆ ಅವಳ ಮೇಲೆ ಪ್ರೀತಿ ಇದ್ದದ್ದು.

ಒಂದು ವರ್ಷ ಚೆನ್ನಾಗಿಯೇ ನಡೆಯಿತು. ಮುಂದಿನ ಸೀಟಿನಲ್ಲಿ ನಾನು, ನನ್ನ ಗಾತ್ರಕ್ಕೆ ಬೇರೆ ದಾರಿ ಇರಲಿಲ್ಲ. ಹಿಂದೆ ಮೂವರು, ಮಡಿಲಲ್ಲಿ ಪರೀಕ್ಷೆಯ ಪೇಪರುಗಳ ಕಟ್ಟು. ಕನ್ನಡಿಗೆ ಮುದುಕರು ಕಟ್ಟಿದ್ದ ತಾಳೆಗರಿಯ ಶಿಲುಬೆಯನ್ನು ಅವಳು ತೆಗೆಯಲಿಲ್ಲ, ಪಕ್ಕದಲ್ಲಿ ತನ್ನದೊಂದು ನೀಲಿ ಮಣಿ ಕಟ್ಟಿದಳು. ಶಾಲೆಯ ಮುಂದೆ ಕಾರು ನಿಲ್ಲಿಸಿ ಇಳಿದು, ತಲೆವಸ್ತ್ರದ ತುದಿಯಿಂದ ಬಾನೆಟ್ಟು ಒರೆಸುವಾಗ ಅವಳ ಮುಖ ನೋಡಬೇಕಿತ್ತು. ತಮ್ಮನ ಮನೆಯ ಮೆಟ್ಟಿಲು ಹತ್ತುವಾಗ ಆ ಮುಖ ಇರುತ್ತಿರಲಿಲ್ಲ.

ಆಮೇಲೆ ನಮ್ಮ ಬೀದಿಯ ಹೊಲಿಗೆ ಸಾಮಾನಿನ ಅಂಗಡಿಯವನಿಗೆ ಅದು ಆಯಿತು. ಅವನ ಕಾರು ಯಾರ ಹೆಸರಿನಲ್ಲಿತ್ತೋ ಆತ ಸತ್ತ. ಮಕ್ಕಳಲ್ಲಿ ಒಬ್ಬ ಸಹಿ ಹಾಕಿದರೆ ಇನ್ನೊಬ್ಬ ಒಲ್ಲೆ ಎಂದ. ವಕೀಲರು ಮೊಕದ್ದಮೆ ಹೂಡಬಹುದು, ಆದರೆ ವರ್ಷಗಳು ಹಿಡಿಯುತ್ತವೆ ಎಂದರು. ಕಾರಿನ ಮೇಲೆ ಮುಸುಕು ಬಿತ್ತು, ಅದರ ಕೆಳಗೆ ಬೆಕ್ಕು ಮರಿ ಹಾಕಿತು. ಇನ್ಸಾಫ್ ದಿನಾ ಆ ಮುಸುಕಿನ ಪಕ್ಕದಲ್ಲೇ ತನ್ನ ಮಾರುತಿ ನಿಲ್ಲಿಸಬೇಕಿತ್ತು.

ಆ ವಾರದಿಂದ ಅವಳು ಶುಕ್ರವಾರ ಶುಕ್ರವಾರ ಜರೀಫ್ ಅವರ ಮನೆಗೆ ಹೋಗತೊಡಗಿದಳು. ಅವರು ಬದುಕಿದ್ದಾರೆಯೇ ಎಂದು ನೋಡಲು. ಮುಚ್ಚಿಟ್ಟು ಏನು ಪ್ರಯೋಜನ. ಮೊದಲು ಬೀದಿಯಲ್ಲೇ ನಿಂತು, ಬಾಲ್ಕನಿಯಲ್ಲಿ ಒಗೆದ ಬಟ್ಟೆ ಕಂಡರೆ ಸಮಾಧಾನಪಟ್ಟುಕೊಂಡು ಬರುತ್ತಿದ್ದಳು. ಒಂದು ದಿನ ಅವರೇ ನೋಡಿ ಮೇಲೆ ಕರೆದರು. ಮುಂದಿನ ವಾರ ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಅಡುಗೆ ಒಯ್ದಳು. ಅವರಿಗೆ ವರ್ಷದ ಅರ್ಧಕ್ಕಿಂತ ಹೆಚ್ಚು ದಿನ ಉಪವಾಸ. ಮಾಂಸ, ಬೆಣ್ಣೆ, ಹಾಲು ಏನೂ ಆಗದು. ಹಾಗಾಗಿ ಇವಳು ಎಣ್ಣೆಯಲ್ಲೇ ಬೇಳೆ, ಬೀನ್ಸ್ ಕಾಳು, ಸೊಪ್ಪು ಬೇಯಿಸಿ ತೆಗೆದುಕೊಂಡು ಹೋಗುತ್ತಿದ್ದಳು. ರಂಜಾನಿನ ದಿನ ಎಣಿಸುವ ನಮ್ಮ ಇನ್ಸಾಫ್‌ಗೆ ಕ್ರೈಸ್ತರ ಉಪವಾಸಗಳ ಪಟ್ಟಿಯೂ ಬಾಯಿಪಾಠವಾಯಿತು.

ಶುಕ್ರವಾರ ಶನಿವಾರದ ರಜೆ ಮುಗಿದು ಭಾನುವಾರ ಬೆಳಿಗ್ಗೆ ನಾವು ಕಾರು ಹತ್ತಿದ ಕೂಡಲೇ ವರದಿ ಬರುತ್ತಿತ್ತು. ಉಸ್ತಾಜರಿಗೆ ಕೆಮ್ಮು, ಉಸ್ತಾಜರ ರಕ್ತದೊತ್ತಡ ಇಷ್ಟು, ಉಸ್ತಾಜರು ಈ ಸಲ ಊಟಕ್ಕೆ ಎರಡು ರೊಟ್ಟಿ ತಿಂದರು. ಹಿಂದಿನ ಸೀಟಿನಿಂದ ಮೂವರೂ ದೇವರು ಅವರಿಗೆ ಆಯುಸ್ಸು ಕೊಡಲಿ ಎನ್ನುತ್ತಿದ್ದರು. ನನ್ನ ಸ್ವಂತ ಗಂಡನ ಆಯುಸ್ಸಿಗೂ ನಾನು ಅಷ್ಟು ಕೇಳಿಕೊಂಡಿಲ್ಲ. ಆದರೆ ಸಹಿಯ ಮಾತು ಎತ್ತಿದೆಯಾ ಎಂದು ಕೇಳಿದರೆ ಅವಳು ಗೇರು ಬದಲಿಸುವುದರಲ್ಲಿ ಮುಳುಗಿಬಿಡುತ್ತಿದ್ದಳು. ಇಷ್ಟು ದಿನ ಊಟ ಒಯ್ದು ಈಗ ಸಹಿ ಕೇಳಿದರೆ ಆ ಊಟವೆಲ್ಲ ಏನಾಯಿತು? ಅವಳ ತೊಂದರೆ ಅದು. ಹೋದಷ್ಟೂ ಕೇಳುವುದು ಕಷ್ಟವಾಯಿತು. ಒಮ್ಮೊಮ್ಮೆ ಅವರೇ ಮಾತು ತೆಗೆದು ಅವರೇ ಮುಂದೂಡುತ್ತಿದ್ದರು. ಒಮ್ಮೆ ಮಂಡಿ ನೋವು, ಒಮ್ಮೆ ಈಸ್ಟರ್ ಮುಗಿಯಲಿ, ಒಮ್ಮೆ ಬಿಸಿಲು.

ಎರಡನೆಯ ಚಳಿಗಾಲದಲ್ಲಿ ಅವರು ನ್ಯುಮೋನಿಯಾ ಹಿಡಿದು ಆಸ್ಪತ್ರೆ ಸೇರಿದರು. ಇನ್ಸಾಫ್ ನಮ್ಮನ್ನು ಶಾಲೆಗೆ ಬಿಟ್ಟು ನೇರ ಅಲ್ಲಿಗೆ ಹೋಗಿ ಕೂರುತ್ತಿದ್ದಳು. ಎಂಟು ದಿನ. ಕೈರೋದಿಂದ ಯಾರೂ ಬರಲಿಲ್ಲ, ಫೋನು ಬಂತು ಅಷ್ಟೆ. ಐದನೆಯ ದಿನ ವಾಪಸು ಬರುವಾಗ ಅವಳು ರಸ್ತೆ ನೋಡುತ್ತಲೇ ಹೇಳಿದಳು:

"ಅಬ್ಲಾ, ಅವರ ಉಸಿರು ಸಿಕ್ಕಾಕ್ಕೊಂಡಾಗ ನಂಗೆ ಮೊದಲು ನೆನಪಾಗಿದ್ದು ಕಾರು. ಆಮೇಲೆ ಅವರು. ನಾನು ಇಂಥವಳಾ?"

ಇದನ್ನು ಹೀಗೇ ಬಿಟ್ಟರೆ ಇವಳು ಕೊರಗಿ ಸಾಯುತ್ತಾಳೆ ಎನ್ನಿಸಿತು. ಅವರು ಗುಣವಾಗಿ ಮನೆಗೆ ಬಂದ ಮೇಲೆ ಅವಳಿಗೆ ಹೇಳದೆ ನಾನೇ ಹೋದೆ. ಟೀ ಕುಡಿದೆ, ಕುಶಲ ಕೇಳಿದೆ, ಆಮೇಲೆ ಸುತ್ತಿಬಳಸದೆ ವಿಷಯಕ್ಕೆ ಬಂದೆ. ಹೆಣ್ಣುಮಗಳ ಬದುಕು ನಿಮ್ಮ ಒಂದು ಸಹಿಯಲ್ಲಿ ನೇತಾಡುತ್ತಿದೆ, ಅವಳು ಬಾಯಿಬಿಟ್ಟು ಕೇಳುವವಳಲ್ಲ ಎಂದೆ. ಅವರು ಟೀ ಲೋಟ ಕೆಳಗಿಟ್ಟು ಹೇಳಿದರು:

"ನಾನು ಪೆದ್ದ ಅಲ್ಲ ಅಬ್ಲಾ. ಅವಳು ಯಾಕೆ ಬರ್ತಾಳೆ ಅಂತ ಮೊದಲನೇ ದಿನಾನೇ ಗೊತ್ತಾಗಿತ್ತು, ಕೆಳಗೆ ನಿಂತು ನನ್ನ ಅಂಗಿ ಎಣಿಸ್ತಿದ್ಲು. ಈ ಬಾಗಿಲು ತಟ್ಟೋರು ಅವಳು ಬಿಟ್ರೆ ಗ್ಯಾಸಿನವನು. ಸಹಿ ಹಾಕಿದ ಮೇಲೂ ಬರ್ತಾಳೆ ಅಂತೀರಾ? ನೀವು ಹೇಳಿ, ನಾಳೆನೇ ಹಾಕ್ತೀನಿ."

"ಬರ್ತಾಳೆ ಉಸ್ತಾಜ್. ಅದಕ್ಕೆ ನಾನು ಜವಾಬ್ದಾರಿ" ಎಂದೆ. ಸುಳ್ಳು ಹೇಳಿದ್ದಲ್ಲ, ಹಾಗೆಯೇ ನಂಬಿದ್ದೆ.

ಎರಡು ದಿನ ಬಿಟ್ಟು ಅವರೇ ಇನ್ಸಾಫ್‌ಗೆ ಫೋನು ಮಾಡಿದರು. ಸೂಟು ಹಾಕಿ, ಟೈ ಕಟ್ಟಿ ಇಳಿದು ಬಂದರು. ಅವತ್ತು ಮುಂದಿನ ಸೀಟು ಬಿಟ್ಟುಕೊಟ್ಟು ನಾನು ಹಿಂದೆ ಕೂತೆ. ದಾರಿಯುದ್ದಕ್ಕೂ ಅವರು ಕ್ಲಚ್ಚು ಹೀಗೆ ಒತ್ತು, ತಿರುವಿನಲ್ಲಿ ಎರಡನೇ ಗೇರು ಹಾಕು ಎನ್ನುತ್ತಿದ್ದರು, ಅವಳು ಎರಡು ವರ್ಷದಿಂದ ಓಡಿಸುತ್ತಲೇ ಇಲ್ಲ ಎನ್ನುವ ಹಾಗೆ. ಕಚೇರಿಯಲ್ಲಿ ಗುಮಾಸ್ತ ಹಣ ಪೂರ್ತಿ ಸಂದಿದೆಯೇ ಎಂದು ಕೇಳಿದ. ಸಂದಿದೆ ಎಂದು, ನಕ್ಷೆ ಬರೆಯುವವರ ಆ ಚೊಕ್ಕ ಅಕ್ಷರದಲ್ಲಿ ಸಹಿ ಹಾಕಿದರು. ಮನೆಯ ಮುಂದೆ ಇಳಿಸುವಾಗ ಇನ್ಸಾಫ್ ಅವರ ಕೈಗೆ ಮುತ್ತಿಟ್ಟು, ಶುಕ್ರವಾರ ಕೆಸುವಿನ ಗಡ್ಡೆಯ ಸಾರು ಮಾಡಿಕೊಂಡು ಬರುತ್ತೇನೆ ಎಂದಳು. ಅವರು ತಲೆಯಾಡಿಸಿದರು. ಕಾರಿನ ಚಾವಣಿಯನ್ನು ಒಮ್ಮೆ ತಟ್ಟಿ ಒಳಗೆ ಹೋದರು.

ಹೊಸ ಲೈಸೆನ್ಸು ಬಂದ ದಿನ ಅವಳು ಅದನ್ನು ತಮ್ಮನ ಮನೆಯ ಊಟದ ಮೇಜಿನ ನಡುವೆ ಇಟ್ಟು ಊಟಕ್ಕೆ ಕೂತಳಂತೆ. ನಮ್ಮನ್ನೆಲ್ಲ ನಿಲ್ಲಿಸಿ ಬಸ್ಬೂಸಾ ಮಿಠಾಯಿ ತಿನ್ನಿಸಿದಳು. ತನ್ನ ಹೆಸರನ್ನು ಗಟ್ಟಿಯಾಗಿ ಓದಿದಳು, ಅಪ್ಪನ ಹೆಸರು, ಅಜ್ಜನ ಹೆಸರು ಸಮೇತ.

ಆ ಶುಕ್ರವಾರ ತಮ್ಮನ ಮಗಳ ನಿಶ್ಚಿತಾರ್ಥ, ಹೋಗಲಾಗಲಿಲ್ಲ. ಮುಂದಿನ ಶುಕ್ರವಾರ ಅವಳು ಮಲಗಿಬಿಟ್ಟಳು. ಸುಮಾರು ಒಂದು ವರ್ಷದಿಂದ ಒಂದು ಶುಕ್ರವಾರವೂ ಅವಳದಾಗಿರಲಿಲ್ಲ, ಮೈ ಕೇಳಲಿಲ್ಲ. ಮೂರನೆಯ ಶುಕ್ರವಾರ ಅಡುಗೆ ಮಾಡಿದಳು. ಮಾಡಿ, ಎರಡು ವಾರ ಹೋಗದವಳು ಈಗ ಏನೆಂದು ಹೇಳಿಕೊಂಡು ಹೋಗಲಿ ಎಂದು ಯೋಚಿಸುತ್ತ ಕೂತು, ಸಂಜೆಯಾಗಿ, ಪಾತ್ರೆಯನ್ನು ನನ್ನ ಮನೆಗೆ ಕೊಟ್ಟು ಹೋದಳು. ನಾವು ಅದನ್ನು ಉಂಡೆವು. ನಾಲ್ಕನೆಯದರ ಹೊತ್ತಿಗೆ ನಾಚಿಕೆ ಅವಳಿಗಿಂತ ದೊಡ್ಡದಾಗಿತ್ತು. ಫೋನು ಮಾಡು ಎಂದರೆ, ಫೋನಿನಲ್ಲಿ ಇನ್ನೂ ಕೆಟ್ಟದಾಗುತ್ತದೆ ಎನ್ನುತ್ತಿದ್ದಳು. ಭಾನುವಾರದ ಕಾರಿನಲ್ಲಿ ಈಗ ಯಾರೂ ಉಸ್ತಾಜರ ಕೆಮ್ಮಿನ ಬಗ್ಗೆ ಕೇಳುತ್ತಿರಲಿಲ್ಲ. ಜವಾಬ್ದಾರಿ ಎಂದು ಮಾತು ಕೊಟ್ಟು ಬಂದ ನಾನು ಏನು ಮಾಡಿದೆ? ಅವಳನ್ನು ಬೈಯುವುದು ಹೆಚ್ಚು ಸುಲಭವೆಂದು ಅಷ್ಟನ್ನೇ ಮಾಡಿದೆ. ನಾನೂ ಹೋಗಲಿಲ್ಲ.

ಒಂಬತ್ತನೆಯ ಶುಕ್ರವಾರ ಅವಳು ಬೆಳಿಗ್ಗೆಯೇ ನನ್ನ ಬಾಗಿಲಿಗೆ ಬಂದಳು. ಸಹಿ ಹಾಕಿದ ಮೇಲೂ ಬರುತ್ತಾಳೆಯೇ ಎಂದು ಉಸ್ತಾಜರು ಕೇಳಿದ್ದನ್ನು ನಾನು ಅವಳಿಂದ ಮುಚ್ಚಿಟ್ಟಿದ್ದೆ, ಹಿಂದಿನ ದಿನ ಸಿಟ್ಟಿನಲ್ಲಿ ಬಾಯಿ ಜಾರಿತ್ತು. ರಾತ್ರಿಯಿಡೀ ನಿದ್ದೆ ಮಾಡಿದವಳಂತೆ ಕಾಣಲಿಲ್ಲ.

"ಒಬ್ಬಳೇ ಹೋಗಕ್ಕೆ ಆಗಲ್ಲ. ಬನ್ನಿ ಅಬ್ಲಾ. ಬಯ್ಯಲಿ, ಬಾಗಿಲು ಮುಖಕ್ಕೆ ಹಾಕಲಿ, ಅನ್ನಿಸ್ಕೊಂಡೇ ಬರ್ತೀನಿ" ಎಂದಳು.

ಮೆಟ್ಟಿಲು ಹತ್ತುವಾಗ ಏನು ಹೇಳಬೇಕೆಂದು ಇಬ್ಬರೂ ಒಂದಿಷ್ಟು ಮಾತು ಜೋಡಿಸಿಕೊಂಡೆವು. ಬಾಗಿಲು ಬೇಗನೆ ತೆರೆಯಿತು. ಅವರು ಸೊರಗಿಹೋಗಿದ್ದರು, ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿತ್ತು. ನಮ್ಮನ್ನು ನೋಡಿ ಒಳಗೆ ಕರೆದು, ಕುರ್ಚಿಯ ಮೇಲಿದ್ದ ಪೇಪರು ತೆಗೆದು ಕೂರಿಸಿದರು. ಇನ್ಸಾಫ್ ಇನ್ನೂ ಬಾಯಿ ತೆರೆದಿರಲಿಲ್ಲ. ಅವರು ತಾವೇ ಹೋಗಿ ಡ್ರಾಯರು ಎಳೆದು, ಗುರುತಿನ ಚೀಟಿಯನ್ನೂ ಕನ್ನಡಕವನ್ನೂ ತೆಗೆದುಕೊಂಡು ಬಂದರು.

"ಇನ್ನೊಂದು ಸಹಿ ಬೇಕಾಯ್ತಾ ಮಗಳೇ? ಆ ಕಚೇರಿಯವರು ಒಂದು ಸಲಕ್ಕೆ ಬಿಡಲ್ಲ, ನಂಗೊತ್ತು" ಎಂದರು.

ಅವರ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಇನ್ಸಾಫ್ ಅತ್ತು, ಕಾಲು ಹಿಡಿದು, ಹೇಗೋ ಸರಿಮಾಡಿಕೊಳ್ಳುತ್ತಿದ್ದಳು. ಅವರು ನಿಜವಾಗಿಯೇ ಕೇಳಿದ್ದರು. ಕನ್ನಡಕ ಹಾಕಿಕೊಂಡು, ಜೇಬಿನಿಂದ ಪೆನ್ನು ತೆಗೆದು, ಅವಳು ಕಾಗದ ಕೊಡುವುದನ್ನೇ ಕಾಯುತ್ತ ನಿಂತಿದ್ದರು.