ಸ್ಪಿನ್‌ಸ್ಟರ್ ಅತ್ತೆ

‘ಸ್ಪಿನ್‌ಸ್ಟರ್’ ಎಂಬ ಇಂಗ್ಲಿಷ್ ಪದ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದಲ್ಲಿ ನಾನು ಕೊಯಮತ್ತೂರಿನ ಕಾಲೇಜಿಗೆ ಹೋಗುತ್ತಿದ್ದೆ. ಅಲ್ಲೇ ಹತ್ತಿರದ ಸಿರುಮುಗೈಯ ನಮ್ಮ ಕನ್ನಡ ಮಾತಿನ ಮನೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಅವನ ಅಕ್ಕ, ಅಂದರೆ ನನ್ನ ಅತ್ತೆ, ಪಕ್ಕದಲ್ಲಿ ಕೂತು ರಾಟೆ ತಿರುಗಿಸಿ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದಳು. ಅಪ್ಪನಿಗೆ ಜ್ವರ ಬಂದರೆ ಮಗ್ಗಕ್ಕೂ ಅವಳೇ ಇಳಿಯುತ್ತಿದ್ದಳು. ಮದುವೆಯಾಗಿರಲಿಲ್ಲ. ತನ್ನ ಹೆಸರಲ್ಲೊಂದು ಮಗ್ಗ ಬೇಕೆಂಬುದೊಂದೇ ಅವಳ ಆಸೆ. ಅದಕ್ಕೆ ನೇಕಾರರ ಸಂಘದ ಸದಸ್ಯತ್ವ ಬೇಕಿತ್ತು.

ಸದಸ್ಯತ್ವಕ್ಕೆ ಹಾಕಿದ್ದ ಅರ್ಜಿ ತಿರುಗಿ ಬಂತು. ಸಂಘದ ಗುಮಾಸ್ತ ಇಂಗ್ಲಿಷಿನಲ್ಲಿ ತುಂಬಿದ್ದ ಹಾಳೆಯನ್ನು ಅತ್ತೆ ನನ್ನ ಕೈಗಿಟ್ಟಳು.

“ಏನ್ ಬರ್ದವ್ನೆ, ಅಮ್ಮಿಣಿ?”

“ಸ್ಪಿನ್‌ಸ್ಟರ್. ಅಂದ್ರೆ ಕಲ್ಯಾಣ ಆಗ್ದೋಳು.”

“ಅದು ಊರಿಗೇ ಗೊತ್ತು! ತೊಳಿಲ್ ಏನಂತ ಬರ್ದವ್ನೆ?”

“ಕೆಲ್ಸ ಇಲ್ಲ ಅಂತ.”

ಅತ್ತೆ ಮತ್ತೆ ರಾಟೆ ಹಿಡಿದಳು. ನನಗೆ ರೇಗಿಹೋಯಿತು. ಮೂವತ್ತು ವರ್ಷ ರಾಟೆ ತಿರುಗಿಸಿದವಳಿಗೆ ಕೆಲಸವಿಲ್ಲವಂತೆ!

ಕಾಲೇಜಿನ ಲೈಬ್ರರಿಯಲ್ಲಿ ದಪ್ಪ ನಿಘಂಟು ತೆಗೆದು ಆ ಪದದ ಮೂಲ ಹುಡುಕಿದೆ. ಸ್ಪಿನ್ ಎಂದರೆ ನೂಲುವುದು. ‘ಸ್ಟರ್’ ಎಂಬ ಬಾಲ ಹಿಂದೆ ಹೆಂಗಸರ ಕಸುಬಿಗೆ ಅಂಟುತ್ತಿತ್ತಂತೆ. ನೂಲುವವಳು! ಕಾಗದಪತ್ರಗಳಲ್ಲಿ ಹೆಂಗಸಿನ ಹೆಸರಿನ ಜೊತೆ ಬರೆಯುತ್ತಿದ್ದ ಕಸುಬು ಬರಬರುತ್ತ ಮದುವೆಯಾಗದವಳ ಗುರುತಾಗಿಬಿಟ್ಟಿತು. ಅಯ್ಯೋ, ಆ ಇಂಗ್ಲಿಷರ ಬುದ್ಧಿಗಿಷ್ಟು! ದುಡಿಮೆ ಅಳಿಸಿ, ಗಂಡನಿಲ್ಲ ಅನ್ನುವುದನ್ನು ಮಾತ್ರ ಉಳಿಸಿಕೊಂಡರು.

ಅದನ್ನೆಲ್ಲ ಬರೆದುಕೊಂಡು ಹೋಗಿ ಗುಮಾಸ್ತನ ಮುಂದಿಟ್ಟೆ. ನೀವು ಬರೆದ ಪದದೊಳಗೇ ಕೆಲಸ ಇದೆ, ನೋಡಿ ಎಂದೆ.

“ಡಿಕ್ಷನರಿ ಎಲ್ಲಾಂ ಇಂಗೆ ಸೆಲ್ಲಾದು, ಪಾಪ್ಪಾ,” ಎಂದ. ನಿಘಂಟೆಲ್ಲ ಇಲ್ಲಿ ನಡೆಯುವುದಿಲ್ಲವೆಂದು ಕಾಗದ ಹಿಂದಕ್ಕೆ ತಳ್ಳಿದ. ಆಮೇಲೆ ತಮಿಳಿನಲ್ಲೇ ಸೇರಿಸಿದ: “ಅರ್ಜಿ ಬರೆಸಿದ್ದು ನಿಮ್ಮಪ್ಪ. ನಿಮ್ಮ ಅಕ್ಕನಿಗೆ ಏನು ಕೆಲಸ ಎಂದು ನಾನೇ ಅವರನ್ನು ಕೇಳಿದೆ. ಏನೂ ಇಲ್ಲ ಅಂದರು.”

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಳ್ಳಲ್ಲ. ಮನೆಗೆ ಬಂದವಳೇ ಅಪ್ಪನ ಎದುರಿಗೇ ಎಲ್ಲವನ್ನೂ ಅತ್ತೆಗೆ ಹೇಳಿದೆ, ನಿಘಂಟಿನ ಕತೆಯನ್ನೂ ಸೇರಿಸಿ. ಅಪ್ಪ ನೂಲು ಸುತ್ತಿಕೊಡೆಂದು ಖಾಲಿ ಲಾಳಿ ಚಾಚಿದ.

ಅತ್ತೆ ರಾಟೆಯನ್ನು ಅವನ ಕಡೆ ತಳ್ಳಿದಳು. “ನಂಗೆ ತೊಳಿಲ್ ಇಲ್ವಲ್ಲ. ನೀನೇ ಸುತ್ಕೊ.”

ಅಪ್ಪ ಸುತ್ತಲು ಕೂತ. ಎಳೆ ಕಡಿಯಿತು. ಗಂಟು ಹಾಕಿದ, ಮತ್ತೆ ಕಡಿಯಿತು. ಮಧ್ಯಾಹ್ನದವರೆಗೂ ಮಗ್ಗದ ಸದ್ದಿಲ್ಲ. ಕೊನೆಗೆ ಎದ್ದು ಅಂಗಿ ತೊಟ್ಟು, ಹೊಸ ಅರ್ಜಿ ಬರೆಸಲು ಸಂಘಕ್ಕೆ ಹೊರಟ.

ಅತ್ತೆ ಬಾಗಿಲಿಂದ ಕೂಗಿದಳು: “ನೂಲೋಳು ಅಂತ ಬರ್ಸ್‌ಬ್ಯಾಡ, ತಮ್ಮಾ! ಸುತ್ತೋಳು, ನೇಯೋಳು ಅಂತ ಬರ್ಸು!”