ಸೋಮವಾರ ಕೆಡುವ ಪ್ರಿಂಟರು

ಯಾರನ್ನೂ ಸುಮ್ಮನೆ ನಂಬುವ ಜಾಯಮಾನ ನನ್ನದಲ್ಲ. ತರಕಾರಿಯವನು ತಕ್ಕಡಿ ಎತ್ತಿದರೆ ನಾನು ಅವನ ಕಿರುಬೆರಳು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವಳು ನಕ್ಕರೆ ಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಳ್ಳುತ್ತೇನೆ. "ನಿನಗ ನಿನ್ನ ನೆರಳಿನ ಮ್ಯಾಲೂ ಶಕ್ಕ" ಎಂದು ಅವ್ವ ಬೈಯುತ್ತಿದ್ದಳು. ಇಂಥವಳಿಗೆ ಭಾಲ್ಕಿಯ ಒಂದು ಧರಮ್ ಕಾಟಾದಲ್ಲಿ ಕೆಲಸ ಸಿಕ್ಕಿತು. ಕಬ್ಬಿನ ಟ್ರ್ಯಾಕ್ಟರು, ತೊಗರಿಯ ಲಾರಿಗಳನ್ನು ನೆಲದ ಕಬ್ಬಿಣದ ಹಾಸಿನ ಮೇಲೆ ಹತ್ತಿಸಿ ತೂಗುವ ಜಾಗ ಅದು. ರೈತನಿಗೆ ವ್ಯಾಪಾರಿಯ ಮೇಲೆ ಸಂಶಯ, ವ್ಯಾಪಾರಿಗೆ ಡ್ರೈವರನ ಮೇಲೆ, ಎಲ್ಲರಿಗೂ ಸೇರಿ ಕಾಟಾದ ಮೇಲೆ. ಅಲ್ಲಿ ನಾನು ಬಲು ಬೇಗ ಹೊಂದಿಕೊಂಡೆ.

ಅದಕ್ಕೂ ಮೊದಲು ಔರಾದಿನ ಝೆರಾಕ್ಸ್ ಅಂಗಡಿಯೊಂದರಲ್ಲಿ ದಿನವಿಡೀ ನಿಂತೇ ಇದ್ದವಳು ನಾನು. ಇಲ್ಲಿ ಕಿಟಕಿಯ ಪಕ್ಕ ನನ್ನದೇ ಒಂದು ಕುರ್ಚಿ ಇತ್ತು. ಮೀಸೆ ಬಿಟ್ಟ ಡ್ರೈವರುಗಳು ಕಿಟಕಿಗೆ ಬಗ್ಗಿ "ಮ್ಯಾಡಂ, ಚೀಟಿ ಕೊಡ್ರಿ" ಅನ್ನುತ್ತಿದ್ದರು. ಊರಿನ ಓಣಿಯಲ್ಲಿ ಅವ್ವ, ತನ್ನ ಮಗಳು ಭಾಲ್ಕಿಯಲ್ಲಿ ಕಾಟಾ ನಡೆಸುತ್ತಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದಳಂತೆ. ಸುಳ್ಳೇನಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ಕಾಟಾ ಸಾವುಕಾರರದು. ಅವರ ತಂಗಿಯ ಮಗ, ಮದುವೆಯಾಗಿ ಒಂದು ಕೂಸೂ ಇದ್ದ ಮನುಷ್ಯ, ಬೀದರಿನಲ್ಲಿ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದು ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಅವನ ಕಣ್ಣು ಆ ಕುರ್ಚಿಯ ಮೇಲೆಯೇ ಇತ್ತು.

ಹಳೆಯ ಪ್ರಿಂಟರು ಕೈಕೊಟ್ಟಾಗ ಸಾವುಕಾರರು ಹೊಸ ಡಾಟ್ ಮ್ಯಾಟ್ರಿಕ್ಸ್ ತರಿಸಿದರು. ಡಬ್ಬಿ ನೋಡಿ ಅಳಿಯ ಮೂಗು ಮುರಿದ.

"ಈಗಿನ ಕಾಲದಾಗ ಯಾರ್ ತಗೊಂತಾರ ಮಾಮಾ ಇದನ್ನ? ಕಟಕಟ ಅಂತದ. ಲೇಜರ್ ತರಬೇಕಿತ್ತು."

"ಲೇಜರಿನಾಗ ಒಂದ ಸಲಕ್ಕ ಮೂರು ಚೀಟಿ ಮೂಡ್ತಾವೇನ್ರಿ?" ಎಂದು ನಾನು ಕೇಳಿದೆ. ಡ್ರೈವರನಿಗೆ ಬಿಳಿ, ವ್ಯಾಪಾರಿಗೆ ಗುಲಾಬಿ, ನಮಗೆ ಹಳದಿ. ಪಿನ್ನುಗಳು ರಿಬ್ಬನ್ನಿನ ಮೇಲೆ ಬಡಿದಾಗಲೇ ಕೆಳಗಿನ ಹಾಳೆಗೂ ಅಕ್ಷರ ಇಳಿಯುತ್ತದೆ. ಒಂದೇ ಏಟಿಗೆ ಮೂಡಿದ ಮೂರು ಚೀಟಿಗಳನ್ನು ಮಾತ್ರ ನಮ್ಮ ಕಾಟಾದಲ್ಲಿ ಜನ ನಂಬುತ್ತಿದ್ದರು.

ಅದನ್ನು ಜೋಡಿಸಿದವಳು ನಾನೇ. ಸಾಗಿಸುವಾಗ ಪಿನ್ನುಗಳಿರುವ ಹೆಡ್ಡು ಅಲುಗದಿರಲೆಂದು ಸಿಕ್ಕಿಸಿದ್ದ ತುಂಡುಗಳನ್ನು ತೆಗೆದೆ, ರಿಬ್ಬನ್ ಕೂರಿಸಿ ಅದರ ಗುಂಡಿ ತಿರುಗಿಸಿ ಸಡಿಲ ಬಿಗಿಮಾಡಿದೆ. ಕಾಗದದ ಎರಡೂ ಅಂಚಿನ ತೂತುಗಳನ್ನು ಹಲ್ಲುಗಳಿಗೆ ಸಿಕ್ಕಿಸಿ, ಮೂರು ಪದರಕ್ಕೆ ಎಷ್ಟು ಬೇಕೋ ಅಷ್ಟು ಸಂದು ಬರುವಂತೆ ಪಕ್ಕದ ಕೀಲನ್ನು ಸರಿಸಿದೆ. ಬೀದರಿನ ಮೆಕ್ಯಾನಿಕ್ ಫೋನಿನಲ್ಲಿ ಹೇಳಿಕೊಟ್ಟಂತೆ ಒಂದು ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದೆ. ಕಟಕಟ ಅನ್ನುತ್ತ ಪರೀಕ್ಷೆಯ ಸಾಲುಗಳು ಬಂದವು. ಗುಲಾಬಿ ಹಾಳೆಯೂ ಹಳದಿ ಹಾಳೆಯೂ ಸ್ವಚ್ಛ. ಸಾವುಕಾರರು ಹಳದಿ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, "ಬರೋಬ್ಬರಿ ಅದ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಕೆಲವು ದಿನ ಚೆನ್ನಾಗಿ ನಡೆಯಿತು. ಆಮೇಲೆ ಬಂದ ಮೊದಲ ಸೋಮವಾರವೇ ಕಬ್ಬಿನ ಟ್ರ್ಯಾಕ್ಟರು ಹಾಸಿನ ಮೇಲೆ ನಿಂತಿರುವಾಗಲೇ ಪ್ರಿಂಟರು ಚೀಟಿಯ ನಡುವೆ ನಿಂತಿತು. ಕೆಂಪು ದೀಪ ಹತ್ತಿತು, ಕೀಂ ಕೀಂ ಎಂದು ಕೂಗತೊಡಗಿತು. ಕಾಗದ ಮುಗಿದಿದೆ ಎಂದು ಅದರ ಅರ್ಥ. ಕಾಗದವೋ, ಡಬ್ಬಿ ತುಂಬ ಇತ್ತು. ತೆಗೆದು ಹಾಕಿದೆ, ಆರಿಸಿ ಹಚ್ಚಿದೆ, ಕೇಬಲ್ ಕಿತ್ತು ಸಿಕ್ಕಿಸಿದೆ. ಬಹಳ ಹೊತ್ತು ಗುದ್ದಾಡಿದ ಮೇಲೆ ತಾನಾಗಿಯೇ ನಡೆಯಿತು. ಹೊರಗೆ ಗಾಡಿಗಳು ರಸ್ತೆಯವರೆಗೆ ನಿಂತಿದ್ದವು. ಮುಂದಿನ ಸೋಮವಾರ ಮತ್ತೆ ಅದೇ ಕಥೆ.

ನನಗೆ ಸಂಶಯ ಬಂತು. ಸೋಮವಾರವೇ ಯಾಕೆ? ಸೋಮವಾರ ನಾನು ಸ್ವಲ್ಪ ತಡವಾಗಿ ಬರುತ್ತಿದ್ದೆ. ಅಂದು ಸಾವುಕಾರರು ಕಾಟಾಕ್ಕೆ ಪೂಜೆ ಮಾಡುವ ದಿನ. ನಮ್ಮದು ಬುದ್ಧನ ಫೋಟೋ ಇರುವ ಮನೆ, ಪೂಜೆಯ ರೂಢಿ ಇಲ್ಲ. ಸೇರಿದ ಹೊಸದರಲ್ಲೇ ಅದನ್ನು ಕೇಳಿ ತಿಳಿದುಕೊಂಡಿದ್ದ ಅವರು, "ಪೂಜಿ ಆದ ಮ್ಯಾಲೇ ಬಾರವ್ವ, ನಿನಗೂ ಬೇಜಾರಿಲ್ಲ" ಅಂದಿದ್ದರು. ಅದು ಒಳ್ಳೆಯ ಮನಸ್ಸಿನಿಂದಲೋ, ನಾನು ಅಲ್ಲಿ ನಿಲ್ಲುವುದು ಬೇಡವೆಂದೋ, ನನಗೆ ಅಂದಿನಿಂದಲೂ ಅನುಮಾನ. ಅದಿರಲಿ. ಆ ಹೊತ್ತಿಗೆ ಒಳಗೆ ಕಸ ಹೊಡೆಯುವವನು ಅಳಿಯ. ಅವನೇ ಏನೋ ಮಾಡುತ್ತಿದ್ದಾನೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಬೀದರಿನಿಂದ ಮೆಕ್ಯಾನಿಕ್ ಬೈಕಿನಲ್ಲಿ ಬಂದ. ಪ್ರಿಂಟರನ್ನು ಹೊರಗೆ ಕಟ್ಟೆಯ ಮೇಲೆ ಒಯ್ದು, ನನಗೆ ಬೆನ್ನು ಮಾಡಿ ಬಿಚ್ಚಿ, ಊದಿ, ಒರೆಸಿ ತಂದಿಟ್ಟ. "ದೂಳ್ರಿ. ಕಾಟಾದಾಗ ದೂಳ ಭಾಳ" ಅಂದ. ಬೆನ್ನು ಯಾಕೆ ಮಾಡಿದ? ಹೋಗುವಾಗ ಅಳಿಯನ ಜೊತೆ ಚಹಾ ಯಾಕೆ ಕುಡಿದ? ಅವನನ್ನೂ ನನ್ನ ಲೆಕ್ಕಕ್ಕೆ ಸೇರಿಸಿಕೊಂಡೆ.

ಸಾವುಕಾರರಿಗೆ ಮಾತ್ರ ಸಂಶಯ ನನ್ನ ಮೇಲೆ. ಬಾಯಿಬಿಟ್ಟು ಹೇಳಲಿಲ್ಲ. ಆದರೆ ಸೋಮವಾರದ ಜೊತೆಗೆ ಗುರುವಾರವೂ ಪೂಜೆ ಶುರುವಾಯಿತು. ಪ್ರಿಂಟರು ಗುರುವಾರವೂ ಕೆಟ್ಟಿತು. ಅಮಾವಾಸ್ಯೆಗೆ ದೊಡ್ಡ ಪೂಜೆಯಾಯಿತು, ಮರುದಿನ ಅದು ಒಂದು ಚೀಟಿಯನ್ನೂ ಬಿಡಲಿಲ್ಲ. ಪ್ರತಿ ಸಲವೂ ಮೆಕ್ಯಾನಿಕ್ ಬಂದು ಊದಿ ಒರೆಸಿ ಹೋಗುತ್ತಿದ್ದ. ಕಮಠಾಣದ ಕಡೆಯ ಒಬ್ಬ ಹಳೆಯ ಗಿರಾಕಿ ಕಿಟಕಿಯಲ್ಲಿ ಇಣುಕಿ, "ಈ ಹುಡುಗಿ ಕೂತಾಗಿಂದ ಮಶೀನ್ ಹಟಾ ಹಿಡದದ ನೋಡ್ರಿ" ಅಂದ. ಸಾವುಕಾರರು ಅದನ್ನು ತಳ್ಳಿಹಾಕಲಿಲ್ಲ. ಸಂಜೆ ನನ್ನನ್ನು ಕರೆದು ಹೇಳಿದರು:

"ನೋಡವ್ವ, ಸೀಜನ್ ನಡದದ. ಇನ್ನೊಮ್ಮಿ ನಿಂತರ ಅಳಿಯಾಗ ಕೂಡಸ್ತೇನಿ. ನಿನ್ನ ಮ್ಯಾಲ ಸಿಟ್ಟಿಲ್ಲ."

ಸಿಟ್ಟಿಲ್ಲವಂತೆ. ಮತ್ತೆ ಔರಾದಿಗೆ ಹೋಗಿ ಝೆರಾಕ್ಸ್ ಮಶೀನಿನ ಮುಂದೆ ನಿಂತು, ಅವ್ವ ಓಣಿಯಲ್ಲಿ ತಲೆ ತಗ್ಗಿಸುವುದನ್ನು ನೋಡಬೇಕೇ?

ಮುಂದಿನ ಸೋಮವಾರ ಪೂಜೆಗೆ ಮೊದಲೇ ಬಂದು ಹಿಂದಿನ ಕಿಟಕಿಯ ಬಳಿ, ಕಬ್ಬಿನ ಸೋಗೆಯ ರಾಶಿಯ ಮರೆಗೆ ನಿಂತೆ. ಕಳ್ಳನನ್ನು ಕೈಯಾರೆ ಹಿಡಿಯುವ ಹುಮ್ಮಸ್ಸು. ಅಳಿಯ ಬಂದ, ಕಸ ಹೊಡೆದ, ಮೊಬೈಲು ನೋಡುತ್ತ ಹೊರಗೆ ಹೋದ. ಪ್ರಿಂಟರಿನ ಹತ್ತಿರವೂ ಸುಳಿಯಲಿಲ್ಲ. ಆಮೇಲೆ ಸಾವುಕಾರರು ಬಂದರು. ಚಪ್ಪಲಿ ಬಿಟ್ಟು, ಹಣೆಗೆ ಮೂರು ಬೆರಳಿನ ವಿಭೂತಿ ಧರಿಸಿ, ಕಂಪ್ಯೂಟರಿಗೆ ಹೂ ಏರಿಸಿದರು. ಪ್ರಿಂಟರಿನ ಮುಂದೆ ನಿಂತು, ರಿಬ್ಬನ್ ಬದಲಿಸುವಾಗ ನಾನು ಎತ್ತುವಂತೆಯೇ ಮುಚ್ಚಳ ಎತ್ತಿದರು. ಒಳಗಿನ ಹೆಡ್ಡಿಗೆ ವಿಭೂತಿ ಹಚ್ಚಿ, ಕಣ್ಣು ಮುಚ್ಚಿ, ಹಿಡಿ ಅಕ್ಷತೆಯನ್ನು ಅದರ ಹೊಟ್ಟೆಯೊಳಗೆ ಸುರಿದರು. ಮೇಲೆ ಬಿದ್ದ ಕಾಳುಗಳನ್ನು ಆರಿಸಿ, ಮುಚ್ಚಳ ಮುಚ್ಚಿ ಕೈ ಮುಗಿದರು.

ನನಗೆ ಈಗ ಎಲ್ಲ ತಿಳಿಯಿತು. ಪೂಜೆ ಮಾಡಿದ್ದಕ್ಕೆ ಕೆಡುತ್ತಿತ್ತು, ಕೆಟ್ಟಿದ್ದಕ್ಕೆ ಇನ್ನಷ್ಟು ಪೂಜೆ ಆಗುತ್ತಿತ್ತು. ನಗು ಬಂತು, ಅದರ ಬೆನ್ನಿಗೇ ಹೆದರಿಕೆ. ಇದನ್ನು ಹೇಳುವವರು ಯಾರು? ಪೂಜೆಯ ರೂಢಿಯಿಲ್ಲದ ಮನೆಯವಳು ಹೋಗಿ, ನಿಮ್ಮ ಅಕ್ಷತೆಯಿಂದಲೇ ಮಶೀನು ಕೆಟ್ಟಿದೆ ಅಂದರೆ ಅವರು ಏನೆಂದುಕೊಂಡಾರು? ಮೆಕ್ಯಾನಿಕ್‌ಗೆ ಫೋನು ಹಚ್ಚಿದೆ. ನಾನು ಕಂಡಿದ್ದನ್ನು ಹೇಳಿದೆ.

"ನನಗೂ ಗೊತ್ತದ್ರಿ. ಪ್ರತಿ ಸಲ ಕಾಳ ತಗದ ಒಗೀತೇನಿ. ಸಾವ್ಕಾರ್ರಿಗಿ ಹ್ಯಾಂಗ ಹೇಳೂದ್ರಿ? ಇಂಥಾ ಮಾತಿಗಿ ಗಿರಾಕಿ ಕೈ ಬಿಟ್ಟು ಹೋಗ್ತದ."

"ಇವತ್ತು ಬಂದು ಹೇಳ್ರಿ. ಇಲ್ಲಂದ್ರ ನನ್ನ ನೌಕರಿ ಹೋಗ್ತದ."

ಬರುತ್ತೇನೆ ಅಂದ. ಬಂದ ಕೂಡ. ಆ ಹೊತ್ತಿಗೆ ಕೆಂಪು ದೀಪ ಹತ್ತಿ, ಟ್ರ್ಯಾಕ್ಟರುಗಳ ಸಾಲು ಬೆಳೆದು, ಅಳಿಯ ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಾಗಿತ್ತು. ಮೆಕ್ಯಾನಿಕ್ ಮುಚ್ಚಳ ಎತ್ತಿ ನೋಡಿದ. ನನ್ನ ಮುಖ ನೋಡಿದ. ಸಾವುಕಾರರ ಹಣೆಯ ವಿಭೂತಿ ನೋಡಿದ.

"ದೂಳ್ರಿ" ಅಂದ.

"ಏಳವ್ವ" ಅಂದರು ಸಾವುಕಾರರು, ಮೆಲ್ಲಗೆ.

ನಾನು ಏಳಲಿಲ್ಲ. ಕಾಗದ ಎಳೆದು ಹಾಕಿ, ನನ್ನ ಜಡೆಯ ಪಿನ್ನು ತೆಗೆದು ಪ್ರಿಂಟರಿನ ಒಳಗೆ ಕೈ ಹಾಕಿದೆ. ಕಾಗದ ಬಂದರೆ ಬಗ್ಗಬೇಕಾದ ಸಣ್ಣ ನಾಲಿಗೆಯೊಂದು ಅಲ್ಲಿರುತ್ತದೆ. ಅದು ಬಗ್ಗಿದರೆ ಮಾತ್ರ ಕಾಗದ ಇದೆ ಎಂದು ಮಶೀನಿಗೆ ತಿಳಿಯುವುದು. ಅದರ ಕೆಳಗೆ ಸಿಕ್ಕಿಕೊಂಡಿದ್ದ ಕಾಳನ್ನು ಮೀಟಿ ತೆಗೆದು ಅಂಗೈಯಲ್ಲಿಟ್ಟು ಅವರ ಮುಂದೆ ಹಿಡಿದೆ. ಅರಿಶಿನ ಹಚ್ಚಿದ ಅಕ್ಕಿಕಾಳು.

"ಅಕ್ಷತಿ ತಪ್ಪಲ್ರಿ ಸಾವ್ಕಾರ್ರ. ಒಳಗ ಬೀಳಬಾರದಿತ್ತು. ಇದಕ್ಕ ಕಾಗದ ಅದ ಅನ್ನೂದು ತಿಳೀವಲ್ದು."

ಕಿಟಕಿಯ ಆಚೆ ಡ್ರೈವರುಗಳು ಕತ್ತು ಚಾಚಿದರು. ಸಾವುಕಾರರು ಕಾಳನ್ನೇ ನೋಡಿದರು. ಅವರ ಮುಖ ಕೆಂಪಾಗಿ, ಆಮೇಲೆ ಬಾಡಿತು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಮೆಕ್ಯಾನಿಕ್‌ನತ್ತ ತಿರುಗಿದರು.

"ನಿನಗ ಗೊತ್ತಿತ್ತೇನು?"

ಅವನು ನೆಲ ನೋಡಿದ.

"ಎಲ್ಲಾರಿಗೂ ಗೊತ್ತು. ನನಗೊಬ್ಬಾಗ ಹೇಳೂ ಮಂದಿಲ್ಲ." ನನ್ನ ಅಂಗೈಯಿಂದ ಆ ಕಾಳನ್ನು ಎರಡು ಬೆರಳಿನಿಂದ ಎತ್ತಿ, ಕಣ್ಣಿಗೆ ಒತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಅಳಿಯನಿಗೆ, "ಕುರ್ಚಿ ಬಿಡು" ಅಂದರು. ನನಗೆ, "ಗಾಡಿ ನಿಂತಾವ. ಚೀಟಿ ತಗಿ" ಅಂದರು. ಕಾಗದ ಸಿಕ್ಕಿಸಿದೆ. ಮೂರೂ ಚೀಟಿ ಬಂದವು.

ಹೊರಡುವಾಗ ಅವರು, "ಸೋಮವಾರ ಲಗೂ ಬಾ, ಪೂಜಿ ಹೊತ್ತಿಗಿ" ಎಂದರು. ವಾರವಿಡೀ ನಾನು ಅದನ್ನೇ ತಿರುಗಾಮುರುಗಾ ಯೋಚಿಸಿದೆ. ನನ್ನಿಂದ ಕೈ ಮುಗಿಸುತ್ತಾರೋ, ತಪ್ಪೊಪ್ಪಿಗೆ ಕೇಳುತ್ತಾರೋ, ಎಲ್ಲರೆದುರು ಬುದ್ಧಿ ಹೇಳಿ ಕಳಿಸುತ್ತಾರೋ? ಏನು ಕೇಳಿದರೆ ಏನು ಹೇಳಬೇಕೆಂದು ಉತ್ತರ ಹೊಂದಿಸಿಕೊಂಡೇ ಹೋದೆ.

ಸಾವುಕಾರರು ಕಂಪ್ಯೂಟರಿಗೆ ಹೂ ಏರಿಸಿ ಪ್ರಿಂಟರಿನ ಮುಂದೆ ಬಂದರು. ಮುಚ್ಚಳ ಎತ್ತಲಿಲ್ಲ. ವಿಭೂತಿ ಹತ್ತಿದ ಮೂರು ಬೆರಳು ಗಾಳಿಯಲ್ಲೇ ನಿಂತವು. ಅರವತ್ತು ದಾಟಿದ ಆ ಮನುಷ್ಯ ನನ್ನ ಕಡೆ ತಿರುಗಿದರು.

"ಎಲ್ಲಿ ಹಚ್ಚಲವ್ವ?"

ಹೊಂದಿಸಿಕೊಂಡು ಬಂದಿದ್ದ ಒಂದು ಉತ್ತರವೂ ಕೆಲಸಕ್ಕೆ ಬರಲಿಲ್ಲ. ಸ್ವಿಚ್ಚಿನ ಪಕ್ಕದ ಬರಿಯ ಜಾಗ ತೋರಿಸಿ, "ಇಲ್ಲಿ ಹಚ್ರಿ, ಏನೂ ಆಗಂಗಿಲ್ಲ" ಅಂದೆ. ಅವರು ಅಲ್ಲಿಯೇ ಹಚ್ಚಿದರು. ನನಗೆ ಅಳು ತಡೆಯಲಾಗಲಿಲ್ಲ. ಯಾಕವ್ವ ಎಂದು ಅವರು ಕೇಳಿದಾಗ, ರಿಬ್ಬನ್ನಿನ ಮಸಿ ಕಣ್ಣಿಗೆ ಹತ್ತಿತು ಎಂದು ಸುಳ್ಳು ಹೇಳಿದೆ.