ಅವ್ವನ ಮಗ್ಗದ ಗುಂಡಿಗೆ ಟೈಲ್ಸ್

ಇನ್ನೂ ನೇಯ್ದು ಮುಗಿಯದ ಸೀರೆಯನ್ನು ಮಗ್ಗದ ಮೇಲಿರುವಾಗಲೇ ಕತ್ತರಿಸಿ ಹಾಕಿದ್ದಾನೆ ನನ್ನ ತಮ್ಮ. ನೇಕಾರರ ಮನೆಯಲ್ಲಿ ಹುಟ್ಟಿದವನು!

ನಮ್ಮಲ್ಲಿ ಸಾವಾದರೆ ಮಗ್ಗ ನಿಲ್ಲಿಸುತ್ತಾರೆ. ಆದರೆ ಮುಗಿಯದ ಸೀರೆಗೆ ಯಾರೂ ಕತ್ತರಿ ತಾಗಿಸುವುದಿಲ್ಲ.

ನಾವು ಓದಿದ್ದು ತಮಿಳು ಶಾಲೆಯಲ್ಲಿ; ಅವನಿಗೆ ಕನ್ನಡ ಓದಲು ಬರುವುದಿಲ್ಲ, ಮನೆಯಲ್ಲಿ ಮಾತಾಡುವುದಷ್ಟೇ. ನಾನು ಗಂಡನ ಮನೆಯವರಿಂದ ಅಕ್ಷರ ಕಲಿತೆ. ಹಾಗಾಗಿ ಇಲ್ಲಿ ಮನಸಾರೆ ಬೈಯುತ್ತೇನೆ, ತಪ್ಪು ತಿಳಿಯಬೇಡಿ.

ಕಣ್ಣಿನ ಆಪರೇಷನ್ ಅಂತ ಅವ್ವ ಮೂರು ವಾರ ಆರ್.ಎಸ್. ಪುರಂನ ನಮ್ಮ ಮನೆಯಲ್ಲಿದ್ದಳು. ಮೊನ್ನೆ ಭಾನುವಾರ ನನ್ನ ತವರೂರು ನೆಗಮಂಗೆ ವಾಪಸ್ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಮಾತು... ಸೆರಗೊಂದು ಬಾಕಿ ಇದೆ, ಎರಡು ದಿನದ ಕೆಲಸ.

ಆ ಮನೆ ಎಂಥದ್ದು ಅಂತ ಹೇಳುತ್ತೇನೆ. ಬೀದಿಗೆ ಜಗುಲಿ, ಹಿಂದೆ ಹೊಗೆ ಹಿಡಿದ ಅಡುಗೆಮನೆ, ನಡುವೆ ನಾವೆಲ್ಲ ಒತ್ತಿಕೊಂಡು ಮಲಗುತ್ತಿದ್ದ ಸಣ್ಣ ಕೋಣೆ.

ಇದ್ದುದರಲ್ಲಿ ದೊಡ್ಡದು, ತಂಪಾದದ್ದು ಮಗ್ಗದ ಕೋಣೆ. ಅದರ ನೆಲ ಮಣ್ಣಿನದು. ತೇವ ಇಲ್ಲದಿದ್ದರೆ ನೂಲು ಪಟಪಟ ಕಿತ್ತುಹೋಗುತ್ತದೆ. ನೆಲದಲ್ಲೊಂದು ಗುಂಡಿ. ಅದರ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾ ಅವ್ವ ನೇಯುತ್ತಾಳೆ.

ಕಿಟಕಿ ನಿಂತವರ ಸೊಂಟದ ಕೆಳಗಿದೆ. ಕಟ್ಟಿಸಿದ ತಾತ ನಿಂತವರನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಕೂತು ನೇಯುವವರಿಗೆ ಬೆಳಕು ಬಿದ್ದರೆ ಸಾಕಾಗಿತ್ತು.

ಮೊನ್ನೆ ಆ ಕೋಣೆಯ ಬಾಗಿಲು ತೆಗೆದರೆ ಗುಂಡಿಯೇ ಇಲ್ಲ!

ಸಿಮೆಂಟ್ ಸುರಿದು ಮುಚ್ಚಿ, ಮೇಲೆ ಕ್ರೀಮ್ ಕಲರ್ ಟೈಲ್ಸ್. ಒಂದು ಸೋಫಾ, ಗೋಡೆಗೆ ಟಿವಿ. ಮಗ್ಗದ ಮರಗಳನ್ನು ಬಿಚ್ಚಿ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಟ್ಟಿದ್ದಾನೆ.

ತಮ್ಮನನ್ನು ಕರೆದು ಬಾಯಿಗೆ ಬಂದಂತೆ ಬೈದೆ.

"ಯಾಕಕ್ಕಾ ಹಿಂಗೆ ಕೂಗ್ತೀಯೆ? ಅವ್ವಂಗೆ ಮಂಡಿನೋವು, ಒಳ್ಳೇದಕ್ಕೆ ತಾನೆ ಮಾಡ್ದೆ? ಕಲರ್ ನೀನೇ ತಾನೆ ಸೆಲೆಕ್ಟ್ ಮಾಡಿದ್ದು?"

ಹೌದು. ವಾಟ್ಸಾಪ್‌ನಲ್ಲಿ ಎರಡು ಟೈಲ್ಸ್ ಫೋಟೋ ಕಳಿಸಿದ್ದ. ಅಡುಗೆಮನೆಗೆ ಇರಬೇಕು ಅಂದುಕೊಂಡು "ಇದು ಓಕೆ" ಅಂದಿದ್ದೆ. ಯಾವ ಕೋಣೆಗೆ ಅಂತ ಕೇಳಲೇ ಇಲ್ಲ ನಾನು. ನನ್ನ ಮೇಲಿನ ಸಿಟ್ಟೂ ಸೇರಿ ಅವನ ಮೇಲೇ ಹರಿಯಿತು.

ಅವ್ವ ಕೂಗಾಡಲಿಲ್ಲ. ಸುತ್ತಿಟ್ಟಿದ್ದ ಆ ಸೀರೆ ಬಿಡಿಸಿ, ಕತ್ತರಿಸಿದ ಅಂಚನ್ನು ಬೆರಳಲ್ಲಿ ಸವರಿದಳು. ಆಮೇಲೆ ತಮ್ಮನ ಕಡೆ ನೋಡಿದಳು.

"ನೋವು ಅಂದೆ ಸಾಮಿ. ಸಾಕು ಅಂದೆನಾ?"

 

ನಾಳೆ ಬೆಳಿಗ್ಗೆ ಟೈಲ್ಸ್ ಒಡೆಯಲು ಮೇಸ್ತ್ರಿ ಬರುತ್ತಾನೆ. ಆ ಸೀರೆಯಂತೂ ಹೋಯಿತು, ಹೊಸದಾಗಿ ನೂಲು ಏರಿಸಬೇಕು. ಈ ಸಲ ಅವ್ವನನ್ನು ಕೇಳಿಯೇ ಹೇಳಿಕಳಿಸಿದೆ.

"ಗುಂಡಿ ಇನ್ನೊಂದು ನಾಲ್ಕು ಬೆರಳು ಆಳ ತೋಡಕ್ಕೆ ಹೇಳಮ್ಮಾ" ಅಂದಳು. "ಕಾಲು ಚಾಚಕ್ಕೆ ಜಾಗ ಇದ್ರೆ ಮಂಡಿ ನೋಯಲ್ಲ."

ನಾಲ್ಕು ಬೆರಳು ಅಷ್ಟೇ... ಇಷ್ಟು ವರ್ಷ ಅದನ್ನು ಕೇಳಲು ನಮ್ಮಿಬ್ಬರಿಗೂ ಬಾಯಿ ಬಿದ್ದುಹೋಗಿತ್ತೇ?